ಒಣಗುವಷ್ಟು ಹೊತ್ತು ಮಾತು: ಇಳಿವಯಸ್ಸಿನಲ್ಲಿ ಜಲವರ್ಣ, ಮೊಮ್ಮಕ್ಕಳ ಜೊತೆಗೆ

ಜಲವರ್ಣದಲ್ಲಿ ಅರ್ಧ ಕೆಲಸ ಕಾಯುವುದೇ. ಕಾಗದಕ್ಕೆ ಒಂದು ತೆಳು ಬಣ್ಣ ಹಚ್ಚಿದರೆ ಅದು ಒಣಗುವ ತನಕ ಎರಡನೆಯದನ್ನು ಹಚ್ಚುವ ಹಾಗಿಲ್ಲ. ಬೇಸಿಗೆಯಲ್ಲಿ ಶಿವಮೊಗ್ಗದ ಸೆಕೆಗೆ ಐದು ನಿಮಿಷ ಸಾಕು. ಪುನರ್ವಸು, ಪುಷ್ಯ ಮಳೆ ಹಿಡಿದು ಹೊಡೆಯುವಾಗ ತೀರ್ಥಹಳ್ಳಿ, ಹೊಸನಗರದ ಕಡೆ ಅರ್ಧ ಗಂಟೆ ಕಳೆದರೂ ಕಾಗದ ತಣ್ಣಗೇ ಇರುತ್ತದೆ. ಚಿತ್ರ ಕಲಿಯುವವರು ಇದನ್ನೊಂದು ಕಿರಿಕಿರಿ ಅಂದುಕೊಳ್ಳುತ್ತಾರೆ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ಬಿಡಿಸುವಾಗ ಮಾತ್ರ ಇದರಷ್ಟು ಅನುಕೂಲ ಬೇರೊಂದಿಲ್ಲ. ಆ ಹೊತ್ತಿನಲ್ಲಿ ಕೈಗೆ ಕೆಲಸವಿಲ್ಲ, ಎದ್ದು ಹೋಗಲು ಮನಸ್ಸೂ ಬರುವುದಿಲ್ಲ. "ಶಾಲೆ ಹೇಗಿದೆ?" ಎಂದು ಫೋನಿನಲ್ಲಿ ಕೇಳಿದರೆ "ಚೆನ್ನಾಗಿದೆ" ಎಂದು ಒಂದೇ ಮಾತಿಗೆ ಮುಗಿಸುವ ಹುಡುಗಿ, ಒದ್ದೆ ಕಾಗದ ನೋಡುತ್ತಾ ಕೂತಾಗ ಪಕ್ಕದ ಬೆಂಚಿನವಳ ಜಗಳದಿಂದ ಹಿಡಿದು ಎಲ್ಲವನ್ನೂ ಹೇಳುತ್ತಾಳೆ.

ಈ ಬರಹ ಅರವತ್ತು ದಾಟಿದವರಿಗೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ಮೊಮ್ಮಕ್ಕಳು ರಜೆಗೆ ಮಾತ್ರ ಊರಿಗೆ ಬರುವ ಮನೆಗಳು ನಮ್ಮ ಮಲೆನಾಡಿನಲ್ಲಿ ಈಗ ಬಹಳ. ಬ್ರಷ್ ಹಿಡಿದೇ ಇಲ್ಲ, ನನ್ನ ಕೈಯಲ್ಲಿ ಆಗುತ್ತದೆಯೇ ಎನ್ನುವವರೇ ಹೆಚ್ಚು. ಅಂಗಳ ಸಾರಿಸಿ ಚುಕ್ಕಿ ಇಟ್ಟು ರಂಗೋಲಿ ಎಳೆದ ಕೈ ಇದು, ಅಡಿಕೆ ಸುಲಿದ ಕೈ. ಹಿಡಿತ ಅದಕ್ಕೆ ಆಗಲೇ ಗೊತ್ತಿದೆ. ಕಲಿಯಬೇಕಾದದ್ದು ನೀರಿನ ಗುಣವನ್ನು ಮಾತ್ರ.

ಏನೇನು ಬೇಕು

ದುಡ್ಡು ಹಾಕುವುದಾದರೆ ಕಾಗದಕ್ಕೆ ಹಾಕಿ. ಸಾದಾ ಡ್ರಾಯಿಂಗ್ ಹಾಳೆ ನೀರು ಬಿದ್ದ ಕೂಡಲೇ ಅಲೆ ಅಲೆಯಾಗಿ ಮುದುಡುತ್ತದೆ, ಎರಡು ಸಲ ಉಜ್ಜಿದರೆ ಏಳುತ್ತದೆ. ಹೊಸಬರು "ನನಗೆ ಬರುವುದಿಲ್ಲ" ಎಂದು ಕೈಬಿಡುವುದು ಬಹುತೇಕ ಈ ಕಾಗದದಿಂದಲೇ. 300 ಜಿ.ಎಸ್.ಎಂ. (ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪದ, 'ಕೋಲ್ಡ್ ಪ್ರೆಸ್ಡ್' ಎಂದು ಬರೆದಿರುವ ಜಲವರ್ಣದ ಕಾಗದ ಕೇಳಿ. ಮುಟ್ಟಿದರೆ ಸ್ವಲ್ಪ ತರಿತರಿಯಾಗಿರುತ್ತದೆ. ನೂರಕ್ಕೆ ನೂರು ಹತ್ತಿಯ ಕಾಗದ ಎಲ್ಲಕ್ಕಿಂತ ಒಳ್ಳೆಯದು, ಬೆಲೆಯೂ ಹಾಗೇ. ಕಲಿಯುವಾಗ ಅದರ ಒಂದು ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿಕೊಂಡರೆ ಜೇಬಿಗೂ ಹಗುರ, ಚಿಕ್ಕ ಮಕ್ಕಳ ತಾಳ್ಮೆಗೂ ಸರಿಯಾದ ಅಳತೆ.

ಬಣ್ಣ ಕ್ಯಾಮೆಲ್‌ನ ಟ್ಯೂಬ್ ಆದರೂ ಆಯಿತು, ಕೇಕ್ ಡಬ್ಬಿ ಆದರೂ ಆಯಿತು. ಬೆರಳು ಗಂಟು ನೋವಿರುವವರಿಗೆ ಕೇಕೇ ಒಳ್ಳೆಯದು, ಮುಚ್ಚಳ ತಿರುಗಿಸಿ ಹಿಂಡುವ ಕಷ್ಟ ಇಲ್ಲ. ಇಪ್ಪತ್ತನಾಲ್ಕು ಬಣ್ಣ ಬೇಡ. ಅಲ್ಟ್ರಾಮರೀನ್ ಬ್ಲೂ, ಪ್ರಷ್ಯನ್ ಬ್ಲೂ, ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ರಿಮ್ಸನ್ (ಕಡು ಕೆಂಪು), ಬರ್ಂಟ್ ಸಿಯೆನ್ನಾ (ಕೆಂಪು ಕಂದು), ಈ ಆರು ಇದ್ದರೆ ಮಲೆನಾಡು ಪೂರ್ತಿ ಬಿಡಿಸಬಹುದು. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಬೆರೆಸಿದರೆ ಆಷಾಢದ ಮೋಡದ ಬೂದು. ಪ್ರಷ್ಯನ್ ಬ್ಲೂಗೆ ಲೆಮನ್ ಯೆಲ್ಲೋ ಬೆರೆಸಿದರೆ ಭತ್ತದ ಸಸಿಮಡಿಯ ಹಸಿರು, ಅದಕ್ಕೇ ಚೂರು ಬರ್ಂಟ್ ಸಿಯೆನ್ನಾ ಬಿದ್ದರೆ ಅಡಿಕೆ ತೋಟದ ಒಳಗಿನ ಕಡು ಹಸಿರು. ಡಬ್ಬಿಯಲ್ಲಿ ಬರುವ ಸಿದ್ಧ ಹಸಿರನ್ನು ಹಾಗೇ ಹಚ್ಚಿದರೆ ಗುಡ್ಡ ಪ್ಲಾಸ್ಟಿಕ್ಕಿನದ್ದು ಅನಿಸುತ್ತದೆ. ಹಸಿರನ್ನು ಮನೆಯಲ್ಲೇ ಬೆರೆಸಿಕೊಳ್ಳಿ, ಮಕ್ಕಳಿಗೂ ಅದೇ ಖುಷಿಯ ಕೆಲಸ.

ಬ್ರಷ್ ಎರಡು ಸಾಕು: 12ನೇ ನಂಬರಿನ ದುಂಡು ಬ್ರಷ್ ಒಂದು, 6ನೇ ನಂಬರಿನದು ಒಂದು. ಸಿಂಥೆಟಿಕ್ ಆದರೆ ಆಯಿತು. ಇನ್ನು ಎರಡು ಲೋಟ ನೀರು, ಒಂದು ಬ್ರಷ್ ತೊಳೆಯಲು, ಇನ್ನೊಂದು ಸ್ವಚ್ಛ ನೀರು ತೆಗೆದುಕೊಳ್ಳಲು. ಹಳೆಯ ಹತ್ತಿ ಪಂಚೆಯ ತುಂಡು, ಮಾಸ್ಕಿಂಗ್ ಟೇಪ್, ಬೆರೆಸಲು ಒಂದು ಬಿಳಿ ಪಿಂಗಾಣಿ ತಟ್ಟೆ. ನೀರಿನ ಲೋಟದ ಪಕ್ಕದಲ್ಲಿ ಕಾಫಿ ಲೋಟ ಮಾತ್ರ ಇಡಬೇಡಿ. ಮಕ್ಕಳು ಬ್ರಷ್ಷನ್ನು ಬಾಯಿಗಿಟ್ಟು ಚೂಪು ಮಾಡುವುದನ್ನೂ ಮೊದಲ ದಿನವೇ ಬಿಡಿಸಿ.

ಕಣ್ಣು, ಕೈ, ಕೂರುವ ಜಾಗ

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಹಾಗಾಗಿ ಕಡು ನೀಲಿ, ಕಪ್ಪು, ನೇರಳೆ ಒಂದೇ ಥರ ಕಾಣುವುದು ಸಹಜ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಕ್ಲೋದ್ ಮೋನೆಗೆ ಪೊರೆ ಬಂದಾಗ ಬಣ್ಣಗಳು ಕೆಂಪು ಕಂದಿನತ್ತ ವಾಲಿದ್ದವು. 1923ರಲ್ಲಿ, 82ನೇ ವಯಸ್ಸಿನಲ್ಲಿ, ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅವರು ಮತ್ತೆ ಕೆಲಸಕ್ಕೆ ಕೂತರು. ಪೊರೆ ತೆಗೆಸಿಕೊಂಡ ಮೇಲೆ "ಎಲ್ಲ ನೀಲಿ ನೀಲಿ ಕಾಣ್ತದೆ" ಎನ್ನುವ ಹಿರಿಯರನ್ನು ನೀವೂ ನೋಡಿರುತ್ತೀರಿ. ಇದಕ್ಕೊಂದು ಸರಳ ಉಪಾಯವಿದೆ. ಪ್ರತಿ ಬಣ್ಣವನ್ನೂ ಒಂದು ಚೂರು ಕಾಗದಕ್ಕೆ ಹಚ್ಚಿ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಕೂರುವ ಜಾಗದಲ್ಲಿ ಅಂಟಿಸಿ. ಈ ಪಟ್ಟಿಯನ್ನು ಮೊಮ್ಮಗನ ಕೈಯಲ್ಲೇ ಮಾಡಿಸಿ. ಎಳೆಯ ಕಣ್ಣಿಗೆ ಬಣ್ಣದ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ, ಅಜ್ಜನಿಗೆ ತನ್ನ ಸಹಾಯ ಬೇಕು ಎನ್ನುವುದೂ ಅವನಿಗೆ ತಿಳಿಯುತ್ತದೆ.

ನಮ್ಮ ಕಡೆಯ ಹೆಂಚಿನ ಮನೆಗಳ ಒಳಗೆ ಹಗಲಿನಲ್ಲೂ ಕತ್ತಲೆ. ಜಗಲಿಯ ಅಂಚು, ಕಿಟಕಿಯ ಬುಡ ಇವೇ ಸರಿಯಾದ ಜಾಗ. ಬಲಗೈಯವರಾದರೆ ಬೆಳಕು ಎಡದಿಂದ ಬರಲಿ, ಇಲ್ಲದಿದ್ದರೆ ಕೈಯ ನೆರಳೇ ಚಿತ್ರದ ಮೇಲೆ ಬೀಳುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಹಟ ಬೇಡ. ಮೊಣಕೈ ಊರಲು ಆಗುವಂಥ ಮೇಜು, ಕುರ್ಚಿ ಇರಲಿ.

ಕೈ ನಡುಗುವವರು ಕಿರುಬೆರಳನ್ನು ಕಾಗದದ ಒಣ ಭಾಗದ ಮೇಲೆ ಊರಿ ಬಿಡಿಸಿ ನೋಡಿ. ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ದಪ್ಪ ಮಾಡಿಕೊಂಡರೆ ಬೆರಳಿಗೆ ಬಿಗಿ ಕಡಿಮೆ. ಸಣ್ಣ ಬ್ರಷ್ ಬಿಟ್ಟು ದೊಡ್ಡದನ್ನೇ ಹಿಡಿಯಿರಿ, ಸಣ್ಣ ಕಿಟಕಿ, ಎಲೆ ಬಿಟ್ಟು ಆಕಾಶ, ಗುಡ್ಡ, ಹೊಳೆಗಳನ್ನೇ ಆರಿಸಿಕೊಳ್ಳಿ. ಮಾತ್ರೆ ತೆಗೆದುಕೊಂಡ ಮೇಲೆ ಕೈ ಹಿಡಿತಕ್ಕೆ ಬರುವ ಹೊತ್ತು ಯಾವುದು ಎಂದು ನಿಮಗೇ ಗೊತ್ತಿರುತ್ತದೆ, ಆಗ ಕೂರಿ. ನಡುಗುವ ಕೈಯಿಂದ ಬಂದ ಗೆರೆಗೆ ಒಂದು ಜೀವ ಇರುತ್ತದೆ. ಮರದ ಕೊಂಬೆಯನ್ನು, ಹಳೆಯ ಹೆಂಚಿನ ಅಂಚನ್ನು ಸ್ಕೇಲಿಟ್ಟು ಎಳೆದವರಿಗಿಂತ ಇವರೇ ನಿಜವಾಗಿ ಬಿಡಿಸುತ್ತಾರೆ.

ಮರೆವಿನ ಕಾಯಿಲೆ ಇರುವ ಹಿರಿಯರ ಜೊತೆ ಕೂರುವ ಮಕ್ಕಳಿಗೆ ಒಂದು ಮಾತು. "ಇದು ಯಾರ ಮನೆ, ನೆನಪಿದೆಯಾ?" ಎಂದು ಪರೀಕ್ಷೆ ಮಾಡಬೇಡಿ. ಕಾಗದ ಒದ್ದೆ ಮಾಡಿ ಮುಂದಿಡಿ, ಒಂದೇ ಬಣ್ಣ ಕೊಡಿ, ಬಣ್ಣ ಹರಿಯುವುದನ್ನು ಇಬ್ಬರೂ ನೋಡಿ. ಅಷ್ಟರಲ್ಲೇ ಅವರ ಮುಖ ಅರಳುವುದುಂಟು.

ಮೊದಲ ಚಿತ್ರ: ಮಂಜಿನ ಗುಡ್ಡ

ಇದರಿಂದಲೇ ಶುರು ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ. ಒಂದರ ಹಿಂದೆ ಒಂದು ಗುಡ್ಡ, ನಡುವೆ ಮಂಜು, ಎದುರಿಗೆ ನಾಲ್ಕು ಅಡಿಕೆ ಮರ. ಈ ನೋಟಕ್ಕಾಗಿ ಎಲ್ಲಿಗೂ ಹೋಗಬೇಕಾಗಿಲ್ಲ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳ ಹಿತ್ತಲಲ್ಲೇ ಇದೆ. ಜಲವರ್ಣದ ಮುಖ್ಯ ಪಾಠಗಳೂ ಇದರಲ್ಲಿ ಬಂದುಬಿಡುತ್ತವೆ.

ಬಣ್ಣದ ಹದ ಮೊದಲು. ಮೂರು ಹದ ನೆನಪಿಡಿ: ನೀರುಮಜ್ಜಿಗೆ, ಹಾಲು, ಮೊಸರು. ದೂರದ್ದಕ್ಕೆ ನೀರುಮಜ್ಜಿಗೆ, ನಡುವಿನದಕ್ಕೆ ಹಾಲು, ಹತ್ತಿರದ್ದಕ್ಕೆ ಮೊಸರು. ತೆಳುವಿನಿಂದ ಗಾಢಕ್ಕೆ ಹೋಗುವುದೇ ಜಲವರ್ಣದ ದಾರಿ. ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದದ ಬಿಳಿಯನ್ನೇ ಬಿಡುತ್ತೇವೆ.

ಕಾಗದದ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ಹಲಗೆಗೆ ಅಂಟಿಸಿ. ಹಲಗೆಯ ಮೇಲ್ತುದಿಗೆ ಒಂದು ಪುಸ್ತಕ ಕೊಟ್ಟು ಸ್ವಲ್ಪ ಇಳಿಜಾರು ಮಾಡಿ. ದೊಡ್ಡ ಬ್ರಷ್ಷಿನಿಂದ ಮೇಲಿನ ಅರ್ಧಕ್ಕೆ ಬರೀ ನೀರು ಹಚ್ಚಿ. ಕಾಗದ ಹೊಳೆಯಬೇಕು, ನೀರು ನಿಲ್ಲಬಾರದು. ಅಲ್ಟ್ರಾಮರೀನ್‌ಗೆ ತುಸು ಬರ್ಂಟ್ ಸಿಯೆನ್ನಾ ಬೆರೆಸಿದ ನೀರುಮಜ್ಜಿಗೆ ಹದದ ಬೂದನ್ನು ತುದಿಯಲ್ಲಿ ಅಡ್ಡಕ್ಕೆ ಎಳೆಯಿರಿ. ಅದು ತಾನೇ ಕೆಳಗಿಳಿದು ತೆಳುವಾಗುತ್ತದೆ. ಮತ್ತೆ ಮುಟ್ಟಬೇಡಿ.

ಇಲ್ಲಿ ಮೊದಲ ಕಾಯುವಿಕೆ. ಕಾಗದವನ್ನು ಓರೆಯಾಗಿ ನೋಡಿದರೆ ಮೂರು ಹಂತ ಕಾಣುತ್ತದೆ: ಮೊದಲು ಪಳಪಳ ಹೊಳಪು, ಆಮೇಲೆ ಮಂದ ಹೊಳಪು, ಆಮೇಲೆ ಹೊಳಪೇ ಇಲ್ಲ. ಹೊಳಪು ಹೋದ ಕೂಡಲೇ ಒಣಗಿತು ಎಂದುಕೊಳ್ಳಬಾರದು. ಒಳಗೆ ತೇವ ಇರುತ್ತದೆ, ಆಗ ನೀರು ತಾಗಿದರೆ ಹೂಕೋಸಿನ ಆಕಾರದ ಕಲೆ ಏಳುತ್ತದೆ. ಬೆರಳುಗಳ ಹಿಂಭಾಗವನ್ನು ಮೆಲ್ಲಗೆ ತಾಗಿಸಿ. ತಣ್ಣಗಿದ್ದರೆ ಇನ್ನೂ ಹಸಿ, ಮೇಜಿನಷ್ಟೇ ಬೆಚ್ಚಗಿದ್ದರೆ ಒಣಗಿದೆ. ಈ ಪರೀಕ್ಷೆಯ ಅಧಿಕಾರ ಮಕ್ಕಳಿಗೆ ಕೊಡಿ. "ಅಜ್ಜಿ, ಇನ್ನೂ ಥಂಡಿ ಇದೆ" ಎಂದು ಅವರು ಹೇಳುವಷ್ಟರಲ್ಲಿ ಒಂದು ಕತೆಗೆ ಜಾಗ ಸಿಗುತ್ತದೆ.

ಎರಡನೆಯದು ದೂರದ ಗುಡ್ಡ. ಅದೇ ಬೂದಿಗೆ ನೀಲಿ ಹೆಚ್ಚು ಮಾಡಿ. ದೂರದ ಗುಡ್ಡ ನೀಲಿ ಕಾಣುವುದು ನಡುವಿನ ಗಾಳಿಯಿಂದ. ಹೊಸನಗರದ ಕಡೆಯಿಂದ ಕೊಡಚಾದ್ರಿ ನೋಡಿದವರಿಗೆ ಹೇಳಬೇಕಾಗಿಲ್ಲ, 1343 ಮೀಟರ್ ಎತ್ತರದ ಹಸಿರು ಬೆಟ್ಟ ಅಲ್ಲಿಂದ ಬರೀ ನೀಲಿ ಅಲೆ. ಗುಡ್ಡದ ಬೆನ್ನನ್ನು ಒಂದೇ ಎಳೆತಕ್ಕೆ ಎಳೆದು, ಬಣ್ಣ ಹಸಿ ಇರುವಾಗಲೇ ಸ್ವಚ್ಛ ನೀರಿನ ಬ್ರಷ್ಷನ್ನು ಅದರ ಬುಡದ ಉದ್ದಕ್ಕೂ ಓಡಿಸಿ. ಬುಡ ಕರಗಿ ಬಿಳಿಯಾಗುತ್ತದೆ. ಅದೇ ಮಂಜು. ಮತ್ತೆ ಕಾಯಿರಿ.

ಮೂರನೆಯದು ಹತ್ತಿರದ ಗುಡ್ಡ, ಹಾಲಿನ ಹದ, ಯೆಲ್ಲೋ ಓಕರ್ ಸೇರಿಸಿ ಹಸಿರಿನತ್ತ ತಿರುಗಿಸಿದ್ದು. ಅದರ ಬುಡವನ್ನೂ ಕರಗಿಸಿ. ಮತ್ತೊಮ್ಮೆ ಪೂರ್ತಿ ಒಣಗಲಿ. ಕೊನೆಗೆ ಚಿಕ್ಕ ಬ್ರಷ್ಷಿನಲ್ಲಿ ಮೊಸರಿನ ಹದದ ಕಡು ಹಸಿರು: ಬುಡದಿಂದ ಮೇಲಕ್ಕೆ ಒಂದೊಂದೇ ಗೆರೆ, ತುದಿಯಲ್ಲಿ ಬ್ರಷ್ ಒತ್ತಿ ಹೊರಕ್ಕೆ ಚಿಮ್ಮಿಸಿದರೆ ಸೋಗೆ. ಮರಗಳು ಸಾಲಾಗಿ ಒಂದೇ ಎತ್ತರಕ್ಕೆ ಬೇಡ. ತೋಟದಲ್ಲಿ ಹಾಗೆ ಇರುವುದೂ ಇಲ್ಲ.

ಚಿತ್ರವನ್ನು ಅರ್ಧ ಬಿಡಿ

ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಮುಖ್ಯವಾದದ್ದು ಇದು. ಅಜ್ಜಿ ಪೂರ್ತಿ ಬಿಡಿಸಿ ಕೊಟ್ಟ ಚಿತ್ರವನ್ನು ಮೊಮ್ಮಗಳು "ಸೂಪರ್" ಎಂದು ನೋಡಿ ಪಕ್ಕಕ್ಕಿಡುತ್ತಾಳೆ. ಅಜ್ಜಿ ಆಕಾಶ, ದೂರದ ಗುಡ್ಡ ಬಿಡಿಸಿ ನಿಲ್ಲಿಸಿದರೆ ಅವಳು ಕುರ್ಚಿ ಎಳೆದು ಕೂರುತ್ತಾಳೆ. ಒಂದು ಚಿತ್ರ, ಎರಡು ಕೈ. ನಿಯಮ ಒಂದೇ: ಇನ್ನೊಬ್ಬರು ಬಿಡಿಸಿದ್ದನ್ನು ಯಾರೂ ತಿದ್ದುವ ಹಾಗಿಲ್ಲ.

"ಅಜ್ಜಿ, ನಿನ್ನ ಗುಡ್ಡ ಎಲ್ಲ ಕರಗಿ ಹೋಯ್ತು!"

"ಕರಗ್ಲಿ ಬಿಡು ಪುಟ್ಟಿ, ಮಂಜು ಬಂತು ಅಂದ್ಕೊ. ಅದರೊಳಗಿಂದ ನೀನೊಂದು ಬಸ್ಸು ಬರ್ಸು."

ಬಸ್ಸು ಗುಡ್ಡಕ್ಕಿಂತ ದೊಡ್ಡದಾಗಿ ಬರಬಹುದು, ಬರಲಿ. ಹಿರಿಯರು ಇಲ್ಲಿ ಬಿಗಿಹಿಡಿಯಬೇಕಾದದ್ದು ನಾಲಿಗೆಯನ್ನು. "ಮರ ಹೀಗಿರ್ತದಾ?" ಎಂದು ಒಂದು ಸಲ ಕೇಳಿದರೆ ಆ ಮಗು ಮುಂದಿನ ಸಲ ಬಿಡಿಸುವ ಮೊದಲು ನಿಮ್ಮ ಮುಖ ನೋಡುತ್ತದೆ. "ಇದೆಂತದು?" ಎಂಬ ಪ್ರಶ್ನೆಯೂ ಬೇಡ. "ಈ ಬಸ್ಸಲ್ಲಿ ಯಾರ್ಯಾರು ಇದಾರೆ?" ಎಂದು ಕೇಳಿ, ಉತ್ತರ ಬೇಗ ಮುಗಿಯುವುದಿಲ್ಲ.

ಹದಿಹರೆಯದವರು ಬೇರೆ. ಅವರಿಗೆ ಚಿತ್ರಕ್ಕಿಂತ ಫೋನು ಹತ್ತಿರ. ನೀವು ಬಿಡಿಸುವುದನ್ನು ಟೈಮ್‌ಲ್ಯಾಪ್ಸ್ ವಿಡಿಯೊ ಮಾಡಲು ಹೇಳಿ. ಅರ್ಧ ಗಂಟೆಯ ಕೆಲಸ ಅರ್ಧ ನಿಮಿಷಕ್ಕೆ ಇಳಿದು, ಖಾಲಿ ಕಾಗದದಲ್ಲಿ ಗುಡ್ಡ ಏಳುವುದನ್ನು ನೋಡಿದ ಮೇಲೆ ಅವರಾಗಿಯೇ ಬ್ರಷ್ ಕೇಳುವುದುಂಟು. ಕೇಳದಿದ್ದರೂ ಪಕ್ಕದಲ್ಲಿ ಕೂತಿದ್ದರಲ್ಲ, ಅಷ್ಟು ಸಾಕು. ನಡುವಿನ ತಲೆಮಾರನ್ನೂ ಮರೆಯಬಾರದು. ಮಗ, ಸೊಸೆ, ಮಗಳು, ಅಳಿಯ ಕೆಲಸದ ಒತ್ತಡದಲ್ಲಿ ಕೂರಲಾರರು. ಕಾಗದ ತರುವುದು, ಕತ್ತರಿಸುವುದು, ಚಿತ್ರ ಸ್ಕ್ಯಾನ್ ಮಾಡುವುದು ಅವರಿಗೆ ಬಿಡಿ.

ದೂರದಲ್ಲಿರುವವರ ಜೊತೆ

ಅರ್ಧ ಚಿತ್ರ ಅಂಚೆಯಲ್ಲಿ ಚೆನ್ನಾಗಿ ಪ್ರಯಾಣ ಮಾಡುತ್ತದೆ. ಅಂಚೆ ಕಾರ್ಡಿನ ಮೇಲೆ ನೇರವಾಗಿ ಬಣ್ಣ ಹಚ್ಚಬೇಡಿ, ಅದು ತೆಳು, ಮುದುಡುತ್ತದೆ. 300 ಜಿ.ಎಸ್.ಎಂ.ನ ಎ4 ಹಾಳೆ ಸುಮಾರು 19 ಗ್ರಾಂ ತೂಗುತ್ತದೆ, ಅದರ ಕಾಲು ಭಾಗ 5 ಗ್ರಾಂಗೂ ಕಡಿಮೆ. ನೀವು ಆಕಾಶ ಬಿಡಿಸಿದ್ದು ಒಂದು, ಅವರು ಶುರು ಮಾಡಿ ನಿಮಗೆ ಕಳಿಸಲು ಖಾಲಿಯದು ಒಂದು, ಜೊತೆಗೆ ನಾಲ್ಕು ಸಾಲಿನ ಚೀಟಿ, ಇಷ್ಟೂ ಕವರಿನ ತೂಕ ಸೇರಿ 20 ಗ್ರಾಂ ಒಳಗೇ ಮುಗಿಯುತ್ತದೆ. ಮಳೆಗಾಲದಲ್ಲಿ ಚಿತ್ರವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕವರಿಗೆ ತುಂಬಿ. ಚಿತ್ರ ಹೋಗಿ, ಉಳಿದರ್ಧ ತುಂಬಿಕೊಂಡು ಅದು ವಾಪಸು ಬರುವ ತನಕ ಎರಡೂ ಮನೆಯಲ್ಲಿ ಒಂದು ನಿರೀಕ್ಷೆ ಇರುತ್ತದೆ.

ವಿಡಿಯೊ ಕರೆಯಲ್ಲಿ ಒಟ್ಟಿಗೆ ಬಿಡಿಸುವುದಾದರೆ ಮುಖ ತೋರಿಸುವ ಬದಲು ಕಾಗದ ತೋರಿಸಿ. ಎರಡು ಎತ್ತರದ ಡಬ್ಬಿಗಳ ಮೇಲೆ ಒಂದು ಪಟ್ಟಿ ಇಟ್ಟು, ಕ್ಯಾಮೆರಾ ಕೆಳಗೆ ಮುಖ ಮಾಡುವಂತೆ ಫೋನ್ ಮಲಗಿಸಿ. ಎರಡೂ ಕಡೆ ಒಂದೇ ವಸ್ತು ಇರಲಿ, ಒಂದು ನಿಂಬೆಹಣ್ಣು ಆದರೂ ಸೈ. ಅಮೆರಿಕದ ಪೂರ್ವ ತೀರದವರಿಗೆ ನಮ್ಮ ಸಂಜೆ 7 ಗಂಟೆ ಒಳ್ಳೆಯ ಹೊತ್ತು. ಅಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 9.30, ಚಳಿಗಾಲದಲ್ಲಿ 8.30. ಕ್ಯಾಲಿಫೋರ್ನಿಯಾದವರಿಗೆ ನಮ್ಮ ಭಾನುವಾರ ಬೆಳಿಗ್ಗೆ 8 ಸರಿ, ಅಲ್ಲಿ ಶನಿವಾರ ಸಂಜೆ 7.30, ಚಳಿಗಾಲದಲ್ಲಿ 6.30. ನಮಗೆ ಹಗಲ ಬೆಳಕೂ ಸಿಗುತ್ತದೆ.

ಗಾಳಿ ಮಳೆಗೆ ಕರೆಂಟು ಹೋಗಿ, ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಊರುಗಳಲ್ಲಿ ಕರೆಯನ್ನು ನಂಬಿಕೊಂಡು ಕೂರಬೇಡಿ. ಹಂತ ಹಂತದ ಫೋಟೊ ತೆಗೆದಿಟ್ಟು, ಸಿಗ್ನಲ್ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಹಾಕಿ, ಜೊತೆಗೆ ದನಿಯಲ್ಲೇ ಒಂದು ಮಾತು: "ಇಲ್ಲಿಗೆ ನಿಲ್ಲಿಸಿದೀನಿ ಮಗಾ, ಹೊಳೆ ಆ ಕಡೆ ತಿರುಗಲಾ, ಈ ಕಡೆ ತಿರುಗಲಾ?" ಉತ್ತರ ಬಂದ ಮೇಲೆಯೇ ಮುಂದುವರಿಸಿ.

ಏನನ್ನು ಬಿಡಿಸುವುದು

ಜೋಗ, ಆಗುಂಬೆಯ ಸೂರ್ಯಾಸ್ತ ಎಲ್ಲರೂ ಬಿಡಿಸುತ್ತಾರೆ. ನಿಮ್ಮ ಮನೆಯಲ್ಲಿರುವುದನ್ನು ನೀವಲ್ಲದೆ ಬೇರೆ ಯಾರೂ ಬಿಡಿಸುವುದಿಲ್ಲ. ಬಚ್ಚಲ ಹಂಡೆ, ಈಳಿಗೆ ಮಣೆ, ಮಳೆಗೆ ಹೊದೆಯುವ ಕಂಬಳಿ ಕೊಪ್ಪೆ, ಗೊರಬು, ಅಡಿಕೆ ಸುಲಿಯುವ ಮೆಟ್ಟುಗತ್ತಿ. ಮೆಟ್ಟುಗತ್ತಿಯನ್ನೇ ತೆಗೆದುಕೊಳ್ಳಿ. ಮಣೆಯ ಮರಕ್ಕೆ ಯೆಲ್ಲೋ ಓಕರ್ ತೆಳುವಾಗಿ, ಒಣಗಿದ ಮೇಲೆ ಬಹುತೇಕ ಒಣ ಬ್ರಷ್ಷಿನಿಂದ ಬರ್ಂಟ್ ಸಿಯೆನ್ನಾ ಉಜ್ಜಿದರೆ ಮರದ ಗೆರೆಗಳು ತಾವೇ ಏಳುತ್ತವೆ. ಕತ್ತಿಯ ಬಾಯಿಗೆ ಬಣ್ಣ ಹಚ್ಚಬೇಡಿ, ಬಿಳಿ ಬಿಡಿ. ಅದೇ ಹರಿತ. ಬೆಂಗಳೂರಿನಲ್ಲಿ ಬೆಳೆದ ಮಗು ಇದನ್ನು ನೋಡಿ "ಇದರ ಮೇಲೆ ಕೂರ್ತಾರಾ?" ಎನ್ನುತ್ತದೆ. ಅಲ್ಲಿಂದ ಕೊಯ್ಲು, ರಾತ್ರಿಯೆಲ್ಲ ಕೂತು ಸುಲಿಯುತ್ತಿದ್ದವರ ಹಾಡು, ಒಲೆಯ ಮೇಲಿನ ಅಡಿಕೆ ಹಂಡೆ, ಎಲ್ಲ ಬರುತ್ತದೆ.

ಕೊಡುವುದಷ್ಟೇ ಆದರೆ ಸಾಲದು, ತೆಗೆದುಕೊಳ್ಳಲೂ ಬೇಕು. ಅವರ ಮೆಟ್ರೊ, ಅವರ ಅಪಾರ್ಟ್‌ಮೆಂಟಿನ ಬಾಲ್ಕನಿ, ಶಾಲೆಯ ಬ್ಯಾಗು, ಇವುಗಳ ಫೋಟೊ ಕೇಳಿ ತರಿಸಿಕೊಂಡು ನೀವು ಬಿಡಿಸಿ. "ಈ ಮೆಟ್ರೊ ಬಾಗಿಲು ಯಾವ ಕಡೆ ತೆಗೀತದೆ?" ಎಂದು ಅಜ್ಜ ಫೋನ್ ಮಾಡಿ ಕೇಳಿದಾಗ ಆ ಹುಡುಗನಿಗೆ ಆಗುವ ಹಿಗ್ಗು ಹುಟ್ಟುಹಬ್ಬದ ಉಡುಗೊರೆಯಿಂದಲೂ ಆಗದು.

ರಜೆಗೆ ಬಂದಾಗ ಹೊರಗೆ ಕೂರುವುದಾದರೆ ಶಿವಮೊಗ್ಗದಲ್ಲಿ ಶಿವಪ್ಪ ನಾಯಕನ ಅರಮನೆಯ ಅಂಗಳ ಇದೆ, ಅಲ್ಲಿನ ಮರದ ಕಂಬಗಳು, ಶಿಲ್ಪಗಳು. ತುಂಗಾ, ಭದ್ರಾ ಸೇರುವ ಕೂಡ್ಲಿ ಇದೆ. ಮಳೆಗಾಲವಾದರೆ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ. ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ. ಕಾಗದದ ಬಿಳಿ ಬಿಡುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ: ಹಕ್ಕಿಯನ್ನು ಬಿಡಿಸುವುದಿಲ್ಲ, ಅದರ ಸುತ್ತ ಹಸಿರು ಹಚ್ಚುತ್ತೇವೆ, ಹಕ್ಕಿ ಉಳಿಯುತ್ತದೆ. ನೀವು ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ತೆರೆದಿದೆಯೇ ವಿಚಾರಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಿ. ಕೆ. ವೆಂಕಟಪ್ಪ (1886–1965) ಊಟಿಯ ಗುಡ್ಡಗಳನ್ನು ಜಲವರ್ಣದಲ್ಲಿ ಹಿಡಿದ ಬಗೆ ನೋಡಿದರೆ ಮಂಜಿನ ಬಗ್ಗೆ ನಾನು ಮೇಲೆ ಬರೆದದ್ದೆಲ್ಲ ಚಿಕ್ಕದಾಗಿ ಕಾಣುತ್ತದೆ.

ಮನೆಯ ಮಣ್ಣಿನಿಂದ ಬಣ್ಣ

ಸಾಗರ, ಸೊರಬದ ದೀವರ ಸಮುದಾಯದ ಮನೆಗಳಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಹೆಣ್ಣುಮಕ್ಕಳು ಅಂಗಡಿಯ ಬಣ್ಣ ಕಾದವರಲ್ಲ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು ಇಲ್ಲವೇ ಜೇಡಿ, ಕಪ್ಪಿಗೆ ಹುರಿದು ಕರಕಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬ್ರಷ್ಷಿಗೆ ಪುಂಡಿ ನಾರು. ಭೂಮಿ ಹುಣ್ಣಿಮೆಗೆ ಹೊಲಕ್ಕೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವ ಎಳೆಗಳನ್ನು ಮಕ್ಕಳಿಗೆ ತೋರಿಸಿ. ಮನೆಯಲ್ಲಿ ಬರೆಯಲು ಬಲ್ಲ ಅಜ್ಜಿ ಇದ್ದರೆ ಈ ಲೇಖನ ಬದಿಗಿಟ್ಟು ಅವರ ಪಕ್ಕ ಕೂರಿ, ಅದು ಮೊದಲು ಕಲಿಯಬೇಕಾದದ್ದು.

ಕೆಮ್ಮಣ್ಣಿನಿಂದ ಜಲವರ್ಣವನ್ನೂ ಮಾಡಬಹುದು, ಏಕೆಂದರೆ ಅಂಗಡಿಯ ಬರ್ಂಟ್ ಸಿಯೆನ್ನಾ, ಓಕರ್ ಕೂಡ ಮೂಲತಃ ಕಬ್ಬಿಣದ ಅಂಶವಿರುವ ಮಣ್ಣೇ. ಮಣ್ಣನ್ನು ನೀರಿನಲ್ಲಿ ಕಲಕಿ, ಒಂದು ನಿಮಿಷ ಬಿಡಿ. ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಿಳಿನೀರು ಚೆಲ್ಲಿದರೆ ಉಳಿಯುವ ನುಣುಪು ಕೆಸರನ್ನು ಒಣಗಿಸಿ ಪುಡಿ ಮಾಡಿ. ಅಂಟಿನುಂಡೆಗೆ ಹಾಕುವ ಗೋಂದಿನಲ್ಲಿ ನೀರಿಗೆ ಪೂರ್ತಿ ಕರಗುವ ಜಾತಿಯದನ್ನು ನೋಡಿ, ಒಂದು ಪಾಲಿಗೆ ಎರಡು ಪಾಲು ಬಿಸಿನೀರು ಹಾಕಿ ಕರಗಿಸಿ, ಎರಡು ಹನಿ ಜೇನುತುಪ್ಪ, ಬೂಸ್ಟು ಬಾರದಂತೆ ಒಂದು ಹನಿ ಲವಂಗದ ಎಣ್ಣೆ. ಪುಡಿ, ಗೋಂದು ಹೆಚ್ಚುಕಡಿಮೆ ಸಮ ಹಾಕಿ ಗಾಜಿನ ಮೇಲೆ ಚೆನ್ನಾಗಿ ಅರೆಯಿರಿ. ಬಾಟಲಿಯ ಮುಚ್ಚಳದಲ್ಲಿ ತುಂಬಿ ಒಣಗಿಸಿದರೆ ನಿಮ್ಮ ಹಿತ್ತಲ ಬಣ್ಣದ ಕೇಕ್ ತಯಾರು. ಇದು ಬಿಸಿಲಿಗೆ ಮಾಸುವುದಿಲ್ಲ. ಇಂಥ ಒಂದು ಮುಚ್ಚಳ ಹೊರದೇಶದ ಮೊಮ್ಮಕ್ಕಳ ಬಣ್ಣದ ಡಬ್ಬಿಯಲ್ಲಿ ಇರಲಿ. ಮಣ್ಣು ಸಾಗಿಸಲು ಆ ದೇಶದ ನಿಯಮ ಬಿಡದಿದ್ದರೆ, ಆ ಬಣ್ಣದಲ್ಲಿ ಬಿಡಿಸಿದ ಚಿತ್ರವೇ ಹೋಗಲಿ.

ಅಡಿಕೆ ಬೇಯಿಸಿದ ಚೊಗರನ್ನು ತೆಳು ಮಾಡಿದರೂ ಒಳ್ಳೆಯ ಕಂದು ಸಿಗುತ್ತದೆ. ಅದಕ್ಕೆ ತುಕ್ಕು ಹಿಡಿದ ಮೊಳೆ ನೆನೆಸಿದ ನೀರು ಎರಡು ಹನಿ ಹಾಕಿ. ಚೊಗರಿನ ಒಗರು ಕಬ್ಬಿಣಕ್ಕೆ ತಾಗಿ ಕಪ್ಪಿಗೆ ತಿರುಗುವುದನ್ನು ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಅರಿಸಿನಕ್ಕೆ ಸುಣ್ಣದ ನೀರು ಬಿದ್ದರೆ ಓಕುಳಿ ಕೆಂಪು. ಇವು ಬೇಗ ಮಾಸುತ್ತವೆ, ಆಟಕ್ಕೆ ಮಾತ್ರ.

ಮಳೆಗಾಲದಲ್ಲಿ ಕಾಗದ ಕಾಯುವುದು

ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಬೂಸ್ಟು ಎಲ್ಲಕ್ಕೂ ಬರುತ್ತದೆ, ಜಲವರ್ಣದ ಕಾಗದಕ್ಕೆ ಬಂದರೆ ನಷ್ಟ ಹೆಚ್ಚು. ಕಾಗದ ನೀರನ್ನು ಒಮ್ಮೆಲೇ ಹೀರದಂತೆ ಅದಕ್ಕೆ ಅಂಟಿನ ಲೇಪ ಇರುತ್ತದೆ. ಬೂಸ್ಟು ಅದನ್ನು ತಿಂದರೆ ಬಣ್ಣ ಹಚ್ಚಿದಲ್ಲಿ ಚುಕ್ಕೆ ಚುಕ್ಕೆ ಏಳುತ್ತದೆ. ಹಾಳೆಗಳನ್ನು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕಟ್ಟಿಡಿ, ಬಿಸಿಲು ಬಿಟ್ಟ ದಿನ ಗಾಳಿಗೆ ಹರಡಿ. ಕೇಕ್ ಡಬ್ಬಿಯನ್ನು ಹಸಿ ಇರುವಾಗ ಮುಚ್ಚಬೇಡಿ. ಒಣಗಿಸಲು ಹೇರ್ ಡ್ರೈಯರ್ ಬಳಸುವುದಾದರೆ ಒಂದು ಮೊಳ ದೂರದಿಂದ, ಹತ್ತಿರ ಹಿಡಿದರೆ ಗಾಳಿಯೇ ಬಣ್ಣ ತಳ್ಳುತ್ತದೆ. ಅಟ್ಟದ ಬೆಚ್ಚಗೆ ಒಳ್ಳೆಯದು ಎಂದು ಒಲೆಯ ಮೇಲ್ಗಡೆ ಇಟ್ಟೀರಿ, ಹೊಗೆ, ಇಲ್ಲಣ ಎಲ್ಲ ಚಿತ್ರಕ್ಕೆ.

ಮುಗಿದ ಪ್ರತಿ ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್‌ಪೆನ್ ಬೇಡ, ಮುಂದಕ್ಕೆ ಒತ್ತು ಬೀಳುತ್ತದೆ. ತಾರೀಕು, ಊರು, ಯಾವ ಭಾಗ ಯಾರದ್ದು, ಒಣಗುವಾಗ ಯಾವ ಮಾತು ಬಂತು, ಇಷ್ಟು. ಚಿತ್ರಗಳ ನಡುವೆ ಬಟರ್ ಪೇಪರ್ ಇಟ್ಟು ಒಂದು ಚಪ್ಪಟೆ ಡಬ್ಬಿಯಲ್ಲಿ ಜೋಡಿಸಿ. ಗೋಡೆಗೆ ಹಾಕುವುದಾದರೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಕೊಡಲು ಫ್ರೇಮ್ ಅಂಗಡಿಯವರಿಗೆ ಹೇಳಿ, ತಾಗಿದರೆ ಒಂದೇ ಮಳೆಗಾಲಕ್ಕೆ ಗಾಜಿನ ಒಳಗೆ ಬೂಸ್ಟು ಕಟ್ಟುತ್ತದೆ. ನೇರ ಬಿಸಿಲು ಬೀಳದ ಗೋಡೆ ಆರಿಸಿ, ಮಗುವಿನ ಕಣ್ಣಿನ ಎತ್ತರಕ್ಕೆ ಮೊಳೆ ಹೊಡೆಸಿ.